ಅಪ್‌ಡೇಟ್: ಇಡೀ ದಿನದ ಕರಾವಳಿ ಟೂರ್, ದೋಣಿಯಲ್ಲಿ ವಾಂತಿ
ಗೈಡ್ ಜೊತೆ ದಿನವಿಡೀ ದೋಣಿಯಲ್ಲಿ ಕರಾವಳಿ ಸುತ್ತುವಾಗ ವಾಂತಿ ಆಗದಿರಲು ಏನು ಮಾಡಬೇಕು ಅಂತ ಕೇಳಿದ್ದೆನಲ್ಲ, ಫಲ ಕೊಟ್ಟಿದ್ದು ಮೆಕ್ಲಿಜಿನ್ ಮಾತ್ರೆ. ದೋಣಿ ಹತ್ತುವ 1 ಗಂಟೆ ಮೊದಲೇ ನುಂಗಬೇಕು. ನಿದ್ದೆ ಎಳೆಯುತ್ತೆ, ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಜೊತೆಗೆ ದೋಣಿಯ ನಡುವಿಗಿಂತ ತುಸು ಹಿಂದೆ ಕೂತು, ಮೊಬೈಲ್ ಬಿಟ್ಟು ದಿಗಂತ ನೋಡ್ತಿರಬೇಕು. ಮುಂದಿನ ಸೀಟಲ್ಲಿ ಗಾಳಿ ಚೆನ್ನಾಗಿರುತ್ತೆ ನಿಜ, ಆದರೆ ಅಲೆಗೆ ಜಾಸ್ತಿ ಎಗರೋದೂ ಅದೇ. ಹೊಟ್ಟೆ ತೊಳಸೋಕೆ ಶುರುವಾದ ಮೇಲೆ ಬಾಯಿಗೆ ಹಾಕಿದ ಶುಂಠಿ ಮಿಠಾಯಿ ದಂಡ.

ಗೊತ್ತೇ ಇರದ ಸಂಗತಿ: ಮಧ್ಯಾಹ್ನ ನೆಲ ಕಾದಂತೆ ಕಡಲಗಾಳಿ ಜೋರಾಗಿ ಅಲೆಯೂ ಏಳುತ್ತೆ. ಅದಕ್ಕೇ ಗೈಡ್ ದೂರದ ದ್ವೀಪವನ್ನು ಬೆಳಿಗ್ಗೆಯೇ ಮುಗಿಸಿದ್ದು. ಭರತದ (ಕಡಲ ನೀರು ಏರುವ) ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗೋದರಿಂದ ಕಾಂಡ್ಲಾ ಕಾಡಿನ (ಉಪ್ಪುನೀರಲ್ಲಿ ಬೆಳೆಯುವ ಮರಗಳ) ಹಿನ್ನೀರಿಗೆ ದೋಣಿ ನುಗ್ಗುವ ಸಮಯವೂ ಬದಲಾಗುತ್ತೆ. ಬುಕ್ ಮಾಡುವ ಮೊದಲು ಆ ದಿನದ ಭರತದ ವೇಳೆ ಕೇಳಿಟ್ಟುಕೊಳ್ಳಿ.