ಅಪ್‌ಡೇಟ್: ಡಿವಿಡಿ ಸ್ಲೈಡ್‌ಶೋದಲ್ಲಿ ಹಾಡು ಸರಿಯಾಗಿ ಕೇಳುತ್ತಿದೆ

ಮದುವೆ ಫೋಟೋಗಳ ಸ್ಲೈಡ್‌ಶೋ ಕಂಪ್ಯೂಟರಿನಲ್ಲಿ ಸರಿಯಾಗಿ ಓಡಿ, ಟಿವಿಯ ಡಿವಿಡಿ ಪ್ಲೇಯರಿನಲ್ಲಿ ಮಾತ್ರ ಧ್ವನಿಯೇ ಬರುತ್ತಿಲ್ಲ ಎಂದು ಕೇಳಿದ್ದೆ. ಈಗ ಬಗೆಹರಿದಿದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಕಾರಣ ಇಷ್ಟೇ: ಡಿವಿಡಿ ವಿಡಿಯೋಗೆ 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನ (ಸೆಕೆಂಡಿಗೆ 48000 ಧ್ವನಿ ಮಾದರಿಗಳ) ಆಡಿಯೋ ಬೇಕು, ಎಂಪಿ3 ಅದರ ನಿಯಮದಲ್ಲೇ ಇಲ್ಲ. ನನ್ನ ಹಾಡುಗಳೆಲ್ಲ 44.1 ಕಿಲೋಹರ್ಟ್ಸ್‌ನ ಎಂಪಿ3.

ಹಾಡನ್ನು ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದು, ಎಕ್ಸ್‌ಪೋರ್ಟ್ ಮಾಡುವಾಗ ಸ್ಯಾಂಪಲ್ ರೇಟ್ 48000, 16 ಬಿಟ್ ಸ್ಟೀರಿಯೋ ವೇವ್ ಎಂದು ಕೊಡಿ. ಟ್ರ್ಯಾಕ್‌ನ ಮೆನುವಿನಲ್ಲಿರುವ 'ರೇಟ್' ಮುಟ್ಟಬೇಡಿ. ಅದು ಪರಿವರ್ತಿಸುವುದಿಲ್ಲ, ವೇಗವನ್ನೇ ಸುಮಾರು ಶೇ. 9 ಹೆಚ್ಚಿಸುತ್ತದೆ. ಶ್ರುತಿ ಒಂದೂವರೆ ಸ್ವರಸ್ಥಾನ ಮೇಲೇರಿ ಗಾಯಕರ ಗಂಟಲು ಕೀರಲಾಗುತ್ತದೆ. ಬೇರೆ ಬೇರೆ ಕಡೆಯ ಹಾಡುಗಳಾದರೆ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ (ಧ್ವನಿಯ ಜೋರು ಸಮ ಮಾಡುವ ಆಯ್ಕೆ) ಎಲ್ಲಕ್ಕೂ ಒಂದೇ ಮೌಲ್ಯ ಕೊಡಿ. ಆಮೇಲೆ ಆ ವೇವ್ ಫೈಲನ್ನು ಡಿವಿಡಿ ಸ್ಟೈಲರ್ ಎಂಬ ಡಿವಿಡಿ ತಯಾರಿಸುವ ತಂತ್ರಾಂಶಕ್ಕೆ ಕೊಟ್ಟು ಎಸಿ3 (ಡಿವಿಡಿ ಒಪ್ಪುವ ಆಡಿಯೋ ರೂಪ), 192 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಆರಿಸಿದರೆ ಸಾಕು. ಹಳೆಯ 128 ಕೆಬಿಪಿಎಸ್‌ನ ಎಂಪಿ3 ಅನ್ನು 448ಕ್ಕೆ ಏರಿಸಿದರೂ ಕಳೆದುಹೋದ ಧ್ವನಿ ವಾಪಸ್ ಬರುವುದಿಲ್ಲ, ಜಾಗ ದಂಡ.

ಉದ್ದದ ಲೆಕ್ಕದಲ್ಲೂ ಎಚ್ಚರ. 120 ಫೋಟೋ, ತಲಾ 5 ಸೆಕೆಂಡ್ ಅಂದರೆ 10 ನಿಮಿಷ ಅನ್ನಿಸುತ್ತದೆ. ಆದರೆ ಒಂದು ಫೋಟೋ ಇನ್ನೊಂದರೊಳಗೆ 1 ಸೆಕೆಂಡ್ ಕರಗುವ ಹಾಗಿದ್ದರೆ 119 ಸೆಕೆಂಡ್ ಕಳೆದು, ಉಳಿಯುವುದು 8 ನಿಮಿಷ 1 ಸೆಕೆಂಡ್. ಹಾಡನ್ನು ಅಷ್ಟಕ್ಕೇ ಕತ್ತರಿಸಿ, ಕೊನೆಯ 4 ಸೆಕೆಂಡಿಗೆ ಫೇಡ್ ಔಟ್ ಹಾಕಿ.

ಮೊದಲ ಪ್ರತಿಯನ್ನು ಡಿವಿಡಿ-ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯಬಹುದಾದ ಡಿಸ್ಕ್) ಮೇಲೆ ಬರೆದು, ಟಿವಿ ಪ್ಲೇಯರಿನಲ್ಲೇ ಪರೀಕ್ಷಿಸಿ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್ ಎಲ್ಲವನ್ನೂ ನುಡಿಸುತ್ತದೆ, ಅದರ ಮಾತು ನಂಬುವಂತಿಲ್ಲ.