ಕ್ಲೈಂಟ್ ಪಕ್ಕದ ರಾಜ್ಯಕ್ಕೆ ಹೋದರು, ವಿಡಿಯೋದಲ್ಲಿ ಮುಂದುವರಿಸಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಅಮೆರಿಕದ ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿ ಕ್ಲಿನಿಕಲ್ ಸೋಷಿಯಲ್ ವರ್ಕರ್, ಅಂದರೆ ಆಪ್ತಸಮಾಲೋಚನೆ ಮಾಡುವವಳು. ಲೈಸೆನ್ಸ್ ಇರುವುದು ಮಿಸೌರಿಯದ್ದು ಮಾತ್ರ. ಒಂದು ವರ್ಷದಿಂದ ನನ್ನ ಹತ್ತಿರ ಬರುತ್ತಿದ್ದ ವಯಸ್ಸಾದ ಅಮ್ಮ ಒಬ್ಬರು ಈಗ ಮಗಳ ಮನೆಗೆ ಹೋಗಿದ್ದಾರೆ. ಸ್ಟೇಟ್ ಲೈನ್ ರಸ್ತೆ ದಾಟಿದರೆ ಸಿಗುವ ಕ್ಯಾನ್ಸಸ್ ರಾಜ್ಯದಲ್ಲಿ, ಇಪ್ಪತ್ತು ನಿಮಿಷದ ದಾರಿ. ಯಜಮಾನರು ತೀರಿಕೊಂಡ ದುಃಖವನ್ನು ಅವರು ಕನ್ನಡದಲ್ಲಿ ಮಾತ್ರ ಹೇಳಿಕೊಳ್ಳಬಲ್ಲರು. ಸೋಷಿಯಲ್ ವರ್ಕರ್‌ಗಳ ಲೈಸೆನ್ಸ್ ಬಗ್ಗೆ ರಾಜ್ಯಗಳು ಮಾಡಿಕೊಂಡಿರುವ ಒಪ್ಪಂದ, ಅಂದರೆ ಕಾಂಪ್ಯಾಕ್ಟ್, ಎರಡೂ ರಾಜ್ಯಗಳು ಸೇರಿವೆ ಅಲ್ವಾ?

ಉತ್ತರ: ಸೇರಿವೆ. 2023ರಲ್ಲಿ ಮೊದಲು ಕಾಯ್ದೆ ಮಾಡಿದ್ದೇ ಮಿಸೌರಿ. ಏಳು ರಾಜ್ಯ ಸೇರಿದ ಮೇಲೆ ಒಪ್ಪಂದ ಜಾರಿಗೆ ಬರಬೇಕಿತ್ತು. 2024ರ ಏಪ್ರಿಲ್‌ನಲ್ಲಿ ಆ ಏಳನೆಯದಾಗಿ ಬಂದದ್ದು ಕ್ಯಾನ್ಸಸ್. ಆದರೆ ರಾಜ್ಯ ಸೇರಿದ ಮಾತ್ರಕ್ಕೆ ನಿಮ್ಮ ಈಗಿನ ಲೈಸೆನ್ಸ್ ಆಚೆ ನಡೆಯುವುದಿಲ್ಲ. ಅದಕ್ಕೆ ಒಪ್ಪಂದ ಸೇರಿದ ರಾಜ್ಯಗಳಲ್ಲೆಲ್ಲ ನಡೆಯುವ ಮಲ್ಟಿಸ್ಟೇಟ್ ಲೈಸೆನ್ಸ್ ಬೇರೆಯೇ ಬೇಕು. ಕ್ಲಿನಿಕಲ್ ವಿಭಾಗಕ್ಕೆ ಮಾಸ್ಟರ್ಸ್ ಪದವಿ, ರಾಷ್ಟ್ರೀಯ ಪರೀಕ್ಷೆ, ಪದವಿಯ ನಂತರ ಮೇಲ್ವಿಚಾರಣೆಯಲ್ಲಿ 3,000 ಗಂಟೆ ಅಥವಾ ಎರಡು ವರ್ಷ ಪೂರ್ಣಾವಧಿ ಕೆಲಸ ಬೇಕು. ಬೆರಳಚ್ಚು ತಪಾಸಣೆಯೂ ಇದೆ. ಆ ಲೈಸೆನ್ಸ್ ಅಥವಾ ಕ್ಯಾನ್ಸಸ್ ರಾಜ್ಯದ ಅನುಮತಿ ಕೈಗೆ ಬರುವ ತನಕ ಈ ವಿಡಿಯೋ ಸೆಷನ್ ಬೇಡಮ್ಮ. ನೀವು ಎಲ್ಲಿ ಕೂತಿದ್ದೀರಿ ಅನ್ನುವುದು ಸಾಲದು, ಆ ಹೊತ್ತಿಗೆ ಕ್ಲೈಂಟ್ ಎಲ್ಲಿದ್ದಾರೆ ಅನ್ನುವುದೇ ಮುಖ್ಯ. ಫೋನ್ ಆದರೂ ಅಷ್ಟೇ.

ಪ್ರಶ್ನೆ: ಹಾಗಾದರೆ ಅವರನ್ನು ಬಿಟ್ಟುಬಿಡಬೇಕಾ? ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಖಂಡಿತ ಬಿಡಬೇಡಿ. ಇಪ್ಪತ್ತು ನಿಮಿಷ ಅಂದಿರಲ್ಲ, ಮಗಳು ಕಾರಿನಲ್ಲಿ ನಿಮ್ಮ ಆಫೀಸಿಗೆ ಕರೆದುಕೊಂಡು ಬರಲಿ. ಅಮ್ಮ ಮಿಸೌರಿಯೊಳಗೆ ಕೂತು ಮಾತಾಡಿದರೆ ನಿಮ್ಮ ಲೈಸೆನ್ಸ್ ಸಾಕು. ಇವತ್ತೇ ಕ್ಯಾನ್ಸಸ್‌ನಲ್ಲಿ ಲೈಸೆನ್ಸ್ ಕೊಡುವ ಬಿಹೇವಿಯರಲ್ ಸೈನ್ಸಸ್ ರೆಗ್ಯುಲೇಟರಿ ಬೋರ್ಡ್‌ಗೆ ಬರೆದು, ತಾತ್ಕಾಲಿಕ ಅನುಮತಿ ಸಿಗುತ್ತದಾ, ಅಲ್ಲಿನ ಪೂರ್ತಿ ಲೈಸೆನ್ಸ್‌ಗೆ ಏನು ಬೇಕು ಎಂದು ಕೇಳಿ. ಉತ್ತರ ಬರವಣಿಗೆಯಲ್ಲೇ ಇರಲಿ. ಕನ್ನಡ ಬಲ್ಲ ಥೆರಪಿಸ್ಟ್ ಸಿಗುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಅದಕ್ಕೇ ನಿಮ್ಮ ಲೈಸೆನ್ಸ್‌ಗೆ ಕುತ್ತು ಬರಬಾರದು ಅನ್ನುತ್ತಿರುವುದು.

ಅನುಮತಿ ಸಿಕ್ಕ ಮೇಲೂ ಪ್ರತಿ ಸೆಷನ್ ಶುರುವಿಗೆ "ಅಮ್ಮಾ, ಈಗ ಎಲ್ಲಿದ್ದೀರಿ?" ಎಂದು ಕೇಳಿ ಬರೆದಿಡಿ. ಅವರು ಕ್ಯಾನ್ಸಸ್‌ನಲ್ಲಿದ್ದರೆ ಅಲ್ಲಿನ ಕಾನೂನು ಪಾಲಿಸಬೇಕು. ವೃದ್ಧರ ಮೇಲಿನ ದೌರ್ಜನ್ಯ ಗೊತ್ತಾದರೆ ಯಾರಿಗೆ ತಿಳಿಸಬೇಕು ಎಂಬುದೂ ಅದರಲ್ಲಿ ಬರುತ್ತದೆ.

ಪ್ರಶ್ನೆ: ಚಳಿಗಾಲಕ್ಕೆ ಮೈಸೂರಿಗೆ ಹೋಗುತ್ತಾರಂತೆ. ಆಗ?

ಉತ್ತರ: ಕಾಂಪ್ಯಾಕ್ಟ್ ಸೇರಿದ ರಾಜ್ಯಗಳ ಆಚೆಗೆ ಈ ಲೈಸೆನ್ಸ್ ನಡೆಯುವುದಿಲ್ಲ. ಹೊರಡುವ ಮುಂಚೆಯೇ ಮೈಸೂರಿನಲ್ಲಿ ಒಬ್ಬ ಆಪ್ತಸಮಾಲೋಚಕರನ್ನು ಗೊತ್ತುಮಾಡಿ, ಅಮ್ಮ ಒಪ್ಪಿದರೆ ಅವರ ಜೊತೆ ಮೊದಲೇ ಮಾತಾಡಿಡಿ.