ಕೊಬ್ಬರಿ ಎಣ್ಣೆ ಸೋಪಿನಲ್ಲಿ ಮಲ್ಲಿಗೆ ಪರಿಮಳ ನಿಲ್ಲುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ:
ಕೋಲ್ಡ್ ಪ್ರೋಸೆಸ್ (ಬೇಯಿಸದೆ ಮಾಡುವ) ಸೋಪು. ಕೊಬ್ಬರಿ ಎಣ್ಣೆ 200 ಗ್ರಾಂ, ಅಕ್ಕಿ ತೌಡಿನ ಎಣ್ಣೆ 250, ಹರಳೆಣ್ಣೆ 50, ಕಾಸ್ಟಿಕ್ ಸೋಡಾ 72, ನೀರು 145. ಮಲ್ಲಿಗೆ ಹೂವನ್ನು ಒಂದು ವಾರ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ, ಸೋಸಿ ಬಳಸಿದ್ದು. ಅಚ್ಚಿನಿಂದ ತೆಗೆದಾಗ ವಾಸನೆಯೇ ಇಲ್ಲ, ಮೇಲೆ ಉದುರಿಸಿದ ದಳಗಳೂ ಕಂದು. ಮುಂದಿನ ಸಲ ಅಂಗಡಿಯ ಅತ್ತರು 20 ಎಂ.ಎಲ್. ಹಾಕಿದರೆ ಅರ್ಧ ನಿಮಿಷದಲ್ಲಿ ಎಲ್ಲಾ ಮುದ್ದೆ ಕಟ್ಟಿತು. ತಪ್ಪು ಎಲ್ಲಿ?

ಉತ್ತರ 1:
ಸೋಡಾ ಲೆಕ್ಕ ಸರಿ ಇದೆ. ಶೇ. 5ರಷ್ಟು ಎಣ್ಣೆ ಸೋಪಾಗದೆ ಉಳಿಯುತ್ತದೆ, ಚರ್ಮಕ್ಕೆ ಅಷ್ಟು ಬೇಕು. ತೊಂದರೆ ಇರುವುದು ಪರಿಮಳದಲ್ಲಿ.

ಹೂವು ನೆನೆಸಿದ ಎಣ್ಣೆಯಲ್ಲಿ ಗಂಧದ ಅಂಶ ತೀರಾ ಕಡಿಮೆ. ಸೋಡಾದ ಕ್ಷಾರ ಮತ್ತು ಅಚ್ಚಿನೊಳಗೆ ಏರುವ ಶಾಖ ಎರಡೂ ಸೇರಿ ಅದನ್ನು ಮುಗಿಸಿಬಿಡುತ್ತವೆ. ಹಸಿ ದಳ ಕ್ಷಾರಕ್ಕೆ ಕಂದಾಗುವುದನ್ನು ತಡೆಯಲಾಗದು. ಬಣ್ಣ ಉಳಿಸಿಕೊಳ್ಳುವ ಹೂವು ಬೇಕೆಂದರೆ ಒಣಗಿಸಿದ ಚೆಂಡುಹೂವಿನ ದಳ ಹಾಕಿ.

ಮುದ್ದೆ ಕಟ್ಟಿದ್ದು ಬಹುಶಃ ಅತ್ತರಿನಲ್ಲಿದ್ದ ಆಲ್ಕೋಹಾಲಿನಿಂದ. ಅತ್ತರು ಎಂದು ಮಾರುವ ಎಷ್ಟೋ ಸೀಸೆಗಳಲ್ಲಿರುವುದು ಆಲ್ಕೋಹಾಲಿನಲ್ಲಿ ಕರಗಿಸಿದ ಸೆಂಟು. ಲವಂಗದ ಎಣ್ಣೆಯೂ ಹೀಗೆಯೇ ಮಾಡುತ್ತದೆ. ಅಗರಬತ್ತಿಗೆ ಹಾಕುವ ಸೆಂಟನ್ನಂತೂ ಮುಟ್ಟಲೇಬೇಡಿ, ಅದು ಮೈಗೆ ಹಚ್ಚಲು ಮಾಡಿದ್ದಲ್ಲ.

500 ಗ್ರಾಂ ಎಣ್ಣೆಗೆ ಸುಗಂಧ ತೈಲ ಒಟ್ಟು 15 ಗ್ರಾಂ ಸಾಕು. ಎಂ.ಎಲ್. ಬಿಟ್ಟು ತಕ್ಕಡಿಯಲ್ಲಿ ತೂಗಿ. ಲಾವಂಚದ ಎಣ್ಣೆ 6 ಗ್ರಾಂ, ಪಚೋಲಿ ಎಲೆಯ ಎಣ್ಣೆ 4, ಮಜ್ಜಿಗೆಹುಲ್ಲಿನ ಎಣ್ಣೆ 5 ಹಾಕಿ ನೋಡಿ. ಲಾವಂಚ, ಪಚೋಲಿ ಎರಡೂ ಭಾರದ ವಾಸನೆಗಳು, ಬೇಗ ಹಾರುವುದನ್ನು ಹಿಡಿದು ನಿಲ್ಲಿಸುತ್ತವೆ. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆಗಳು ಒಂದೇ ತಿಂಗಳಲ್ಲಿ ಮಾಯ. ನಿಂಬೆಯ ಘಮ ಬೇಕಿದ್ದವರಿಗೆ ಮಜ್ಜಿಗೆಹುಲ್ಲೇ ಒಳ್ಳೆಯದು.

ಎಣ್ಣೆ ಮತ್ತು ಸೋಡಾ ನೀರು ಎರಡೂ 40 ಡಿಗ್ರಿಗೆ ಇಳಿದ ಮೇಲೆ ಸೇರಿಸಿ. ತೆಳು ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಬ್ಲೆಂಡರ್ ನಿಲ್ಲಿಸಿ, ಸುಗಂಧ ಹಾಕಿ, ಚಮಚದಲ್ಲಿ ಕೈಯಿಂದಲೇ ಕಲಕಿ. ಬ್ಲೆಂಡರ್ ಓಡಿಸಿದಷ್ಟೂ ಬೇಗ ಬಿಗಿಯುತ್ತದೆ.

ಪ್ರಶ್ನೆ ಕೇಳಿದವರು:
ಮುದ್ದೆಯಾದದ್ದನ್ನು ಎಸೆಯಬೇಕೇ? ಇದಕ್ಕೆ ದಾಲ್ಚಿನ್ನಿ ಎಣ್ಣೆ ಹಾಕಬಹುದೇ?

ಉತ್ತರ 2:
ದಾಲ್ಚಿನ್ನಿ ಎಣ್ಣೆ ಬೇಡ. ಚರ್ಮ ಉರಿಯುತ್ತದೆ, ಮಿಶ್ರಣವೂ ಬಿಗಿಯುತ್ತದೆ.

ಎಸೆಯಬೇಡಿ. ಸ್ಟೀಲ್ ಪಾತ್ರೆಗೆ ಹಾಕಿ (ಅಲ್ಯೂಮಿನಿಯಂ ಬೇಡವೇ ಬೇಡ, ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ), ಕುದಿಯುವ ನೀರಿನ ಮೇಲೆ ಮುಚ್ಚಿಟ್ಟು ಒಂದೂವರೆ ಗಂಟೆ ಬೇಯಿಸಿ. ಹಿಚುಕಿದ ಆಲೂಗಡ್ಡೆಯ ಹಾಗಾಗಿ, ಅಂಚಿನಲ್ಲಿ ವ್ಯಾಸಲೀನ್‌ನಂತೆ ಹೊಳೆದರೆ ಬೆಂದಿದೆ. ಒಣಗಿದರೆ ಎರಡು ಚಮಚ ಬಿಸಿನೀರು ಚಿಮುಕಿಸಿ.

ಸೂಕ್ಷ್ಮ ಪರಿಮಳಗಳಿಗೆ ನಿಜವಾದ ದಾರಿ ಇದೇ. ಬೆಂದ ಮೇಲೆ ಸೋಡಾ ಮುಗಿದಿರುತ್ತದೆ. 70 ಡಿಗ್ರಿಗೆ ಇಳಿದಾಗ ಸುಗಂಧ ಹಾಕಿದರೆ ಅರ್ಧ ಪ್ರಮಾಣವೇ ಸಾಕಾಗುತ್ತದೆ. ಕಾರ್ಖಾನೆಗಳಲ್ಲೂ ತಯಾರಾದ ಸೋಪಿನ ನೂಡಲ್ಸ್‌ಗೆ (ಸಣ್ಣ ತುಂಡುಗಳಿಗೆ) ಸುಗಂಧ ಬೆರೆಸಿ ಅರೆಯುತ್ತಾರೆ, ಅದಕ್ಕೇ ಅಲ್ಲಿಯ ಘಮ ಕೊನೆಯವರೆಗೂ ಇರುತ್ತದೆ. ನಿಮ್ಮದರ ಮೈ ಮಾತ್ರ ಒರಟಾಗಿರುತ್ತದೆ, ಅದಕ್ಕೆ ಪರಿಹಾರವಿಲ್ಲ.

ಇನ್ನೊಂದು: ಯಾವಾಗಲೂ ನೀರಿಗೆ ಸೋಡಾ ಹಾಕಿ, ಸೋಡಾಕ್ಕೆ ನೀರಲ್ಲ. ಕನ್ನಡಕ, ಕೈಗವಸು ಇಲ್ಲದೆ ಡಬ್ಬಿ ತೆಗೆಯಬೇಡಿ. ಮೈಮೇಲೆ ಬಿದ್ದರೆ ವಿನೆಗರ್ ಹುಡುಕದೆ ನಲ್ಲಿಯಡಿ ಹಿಡಿಯಿರಿ.

ಉತ್ತರ 3:
ಹೂವಿನದೇ ವಾಸನೆ ಬೇಕೆಂದರೆ ಸೋಪು ಬಿಟ್ಟು ಸ್ನಾನದ ಪುಡಿ ಮಾಡಿ, ಅಲ್ಲಿ ಕ್ಷಾರವೇ ಇಲ್ಲ. ಹೆಸರುಕಾಳು 500 ಗ್ರಾಂ, ಕಡಲೆಬೇಳೆ 250, ಕಚೋರ 50, ಲಾವಂಚ 50, ಒಣ ಗುಲಾಬಿ ದಳ 50, ಕಸ್ತೂರಿ ಅರಿಶಿನ 25. ದಳಗಳನ್ನು ನೆರಳಲ್ಲಿ, ಉಳಿದದ್ದನ್ನು ಎರಡು ದಿನ ಬಿಸಿಲಲ್ಲಿ ಒಣಗಿಸಿ. ಲಾವಂಚವನ್ನು ಕತ್ತರಿಯಿಂದ ಸಣ್ಣಗೆ ತುಂಡರಿಸದಿದ್ದರೆ ನಾರು ಮಿಕ್ಸಿಗೆ ಸುತ್ತಿಕೊಳ್ಳುತ್ತದೆ. ಕಾಳುಬೇಳೆಯನ್ನು ಮಿಲ್ಲಿಗೆ ಕೊಡಿ. ಗುಲಾಬಿ, ಕಚೋರವನ್ನು ಮನೆಯಲ್ಲೇ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಮಿಲ್ಲಿನ ಕಲ್ಲಿನ ಬಿಸಿಗೆ ಗಂಧ ಹೋಗಿಬಿಡುತ್ತದೆ. ಪುಡಿ ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ತುಂಬಿ. ಬಿಸಿ ಇದ್ದಾಗ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಒದ್ದೆ ಕೈಯನ್ನೂ ಹಾಕಬೇಡಿ, ಮಳೆಗಾಲದಲ್ಲಂತೂ ವಾರಕ್ಕೆ ಬೇಕಾದಷ್ಟನ್ನೇ ಬಚ್ಚಲಿನಲ್ಲಿಡಿ.